ಸಾಂಟೊರಿನಿಯ ಹಳೆಯ ದ್ರಾಕ್ಷಿಬಳ್ಳಿಗಳೂ ಶ್ವೇತ ದ್ರಾಕ್ಷಾಮದ್ಯವೂ

ಹಳೆಯ ಬಳ್ಳಿಯ ಹಣ್ಣಿನಿಂದ ತೆಗೆದ ದ್ರಾಕ್ಷಾಮದ್ಯವು ಶ್ರೇಷ್ಠವೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಈ ಶ್ರೇಷ್ಠತೆಯಲ್ಲಿ ಬಳ್ಳಿಯ ವಯಸ್ಸಿಗೆ ಸಲ್ಲತಕ್ಕ ಪಾಲೆಷ್ಟು, ನೆಲಕ್ಕೆ ಸಲ್ಲತಕ್ಕ ಪಾಲೆಷ್ಟು ಎಂಬುದನ್ನು ವಿವೇಚಿಸಲು ಗ್ರೀಸ್ ದೇಶದ ಸಾಂಟೊರಿನಿ ದ್ವೀಪವು ಉತ್ತಮ ನಿದರ್ಶನವಾಗಿದೆ. ಇಲ್ಲಿನ ಅಸಿರ್ತಿಕೊ ಎಂಬ ಬಿಳಿ ದ್ರಾಕ್ಷಿಯಿಂದ ಸಿಹಿಯಿಲ್ಲದ, ಚುರುಕಾದ ಹುಳಿಯುಳ್ಳ ಶ್ವೇತ ಮದ್ಯವು ತಯಾರಾಗುತ್ತದೆ. ಉಷ್ಣಪ್ರದೇಶದ ಹಣ್ಣಿನಲ್ಲಿ ಇಷ್ಟು ಹುಳಿ ಉಳಿಯುವುದು ವಿರಳ.

ಸುಮಾರು 3,600 ವರ್ಷಗಳ ಹಿಂದೆ ಸಂಭವಿಸಿದ ಜ್ವಾಲಾಮುಖಿಯ ಮಹಾಸ್ಫೋಟವು ಈ ದ್ವೀಪವನ್ನು ಬೂದಿ ಮತ್ತು ಸರಂಧ್ರವಾದ ಹಗುರ ಶಿಲೆಗಳಿಂದ ಮುಚ್ಚಿತು. ಅಲ್ಲಿನ ಮಣ್ಣಿನಲ್ಲಿ ಜೇಡಿಯ ಅಂಶವು ಅತ್ಯಲ್ಪ. ಸಾವಯವ ಪದಾರ್ಥವೂ ಅಂತೆಯೇ. ಬೇಸಗೆಯಲ್ಲಿ ಮಳೆ ಬಹುಮಟ್ಟಿಗೆ ಇಲ್ಲ. ರಾತ್ರಿ ಸಮುದ್ರದಿಂದ ಬರುವ ಮಂಜಿನ ತೇವವನ್ನು ಸರಂಧ್ರ ಶಿಲೆಯು ಹೀರಿ ಬಳ್ಳಿಗೆ ಒದಗಿಸುತ್ತದೆ.

ಜೇಡಿಯ ಈ ಅಭಾವವೇ ಬಳ್ಳಿಗಳ ದೀರ್ಘಾಯುಷ್ಯಕ್ಕೆ ಕಾರಣ. ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು 1860ರ ದಶಕದಿಂದ ಯೂರೋಪಿನ ದ್ರಾಕ್ಷಿತೋಟಗಳನ್ನು ನಾಶಮಾಡಿತು. ಅಮೆರಿಕದ ಬೇರುಗಳಿಗೆ ಕಸಿ ಕಟ್ಟುವುದೊಂದೇ ಅಲ್ಲಿನ ಬಹುಪಾಲು ತೋಟಗಳಿಗೆ ಉಳಿದ ಉಪಾಯವಾಯಿತು. ಜೇಡಿಯಿಲ್ಲದ ಮರಳುಮಣ್ಣಿನಲ್ಲಿ ಈ ಕೀಟವು ಬಾಳಲಾರದು. ಆದುದರಿಂದ ಸಾಂಟೊರಿನಿಯ ಬಳ್ಳಿಗಳು ಇಂದಿಗೂ ಸ್ವಂತ ಬೇರುಗಳ ಮೇಲೆಯೇ ನಿಂತಿವೆ.

ಬಿರುಗಾಳಿಯಿಂದಲೂ ಬಿಸಿಲಿನಿಂದಲೂ ಹಣ್ಣನ್ನು ಕಾಪಾಡಲು ಬೆಳೆಗಾರರು ರೆಂಬೆಗಳನ್ನು ನೆಲದ ಮಟ್ಟದಲ್ಲಿ ಸುತ್ತಿಸುತ್ತಿ ಬುಟ್ಟಿಯಾಕಾರಕ್ಕೆ ತರುತ್ತಾರೆ. ಇದಕ್ಕೆ ಕುಲೂರಾ ಎಂದು ಹೆಸರು. ನಮ್ಮಲ್ಲಿ ಕೊಡ ಹೊರುವವರು ತಲೆಯ ಮೇಲಿಡುವ ಸಿಂಬೆಯನ್ನು ಇದು ಹೋಲುತ್ತದೆ. ಗೊಂಚಲುಗಳು ಇದರ ಒಳಗೆ ಬೆಳೆಯುತ್ತವೆ. ಹಲವು ದಶಕಗಳ ಬಳಿಕ ಫಲ ಕುಗ್ಗಿದಾಗ ಕಾಂಡವನ್ನು ಕತ್ತರಿಸಿ, ಅದೇ ಬುಡದಿಂದ ಹೊಸ ಚಿಗುರನ್ನು ಬೆಳೆಸುವರು. ಹೀಗಾಗಿ ಕಾಣುವ ಕಾಂಡಕ್ಕಿಂತ ಕಾಣದ ಬೇರು ಬಹು ಹಳೆಯದು.

ಆದರೆ ಮದ್ಯದ ಹುಳಿಯು ವಯಸ್ಸಿನ ಕೊಡುಗೆಯೆಂದು ಭಾವಿಸುವುದು ಸರಿಯಲ್ಲ. ಹಣ್ಣು ಮಾಗುವಾಗ ಮ್ಯಾಲಿಕ್ ಆಮ್ಲವು ಬಿಸಿಲಿಗೆ ಬೇಗ ಕ್ಷಯಿಸುವುದು. ಟಾರ್ಟಾರಿಕ್ ಆಮ್ಲವು ಹೆಚ್ಚಾಗಿ ಉಳಿಯುವುದು. ಹಣ್ಣಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿದ್ದರೆ ಅದು ಟಾರ್ಟಾರಿಕ್ ಆಮ್ಲದೊಡನೆ ಕೂಡಿ ಲವಣವಾಗಿ, ಹರಳುಗಟ್ಟಿ ತಳಕ್ಕಿಳಿಯುತ್ತದೆ. ಈ ದ್ವೀಪದ ಮಣ್ಣಿನಲ್ಲಿ ಬಳ್ಳಿಗೆ ದೊರೆಯುವ ಪೊಟ್ಯಾಸಿಯಂ ಕಡಮೆಯಾದ ಕಾರಣ ಆಮ್ಲವು ಮುಕ್ತವಾಗಿಯೇ ನಿಲ್ಲುತ್ತದೆ. ಹುಳಿಯನ್ನು ಉಳಿಸಿಕೊಳ್ಳುವುದು ಅಸಿರ್ತಿಕೊ ತಳಿಯ ಗುಣವೂ ಹೌದು. ವಯಸ್ಸಿನ ಪಾಲು ಬೇರೆ: ಆಳಕ್ಕಿಳಿದ ಬೇರು ನೀರಾವರಿಯಿಲ್ಲದೆಯೇ ಬರವನ್ನು ಸಹಿಸುತ್ತದೆ, ಇಳುವರಿ ಅಲ್ಪವಾದರೂ ಹಣ್ಣಿನ ಸಾರ ಸಾಂದ್ರವಾಗಿರುತ್ತದೆ.

ಈ ಅಲ್ಪ ಇಳುವರಿಯೇ ಇಂದು ತೋಟಗಳಿಗೆ ಕಂಟಕವಾಗಿದೆ. ಪ್ರವಾಸೋದ್ಯಮವು ಬೆಳೆದಂತೆ ಭೂಮಿಯ ಬೆಲೆ ಏರಿ, ಬಳ್ಳಿಯಿದ್ದೆಡೆ ಕಟ್ಟಡಗಳು ಎದ್ದಿವೆ. 1971ರಲ್ಲಿ ಸಾಂಟೊರಿನಿ ಎಂಬ ಹೆಸರು ದ್ರಾಕ್ಷಾಮದ್ಯದ ರಕ್ಷಿತ ಮೂಲನಾಮವಾಯಿತು. ಆದರೆ ಹೆಸರಿನ ರಕ್ಷಣೆಯಿಂದ ನೆಲದ ರಕ್ಷಣೆ ತಾನಾಗಿ ಒದಗದು. ಕಾಂಡವನ್ನು ಕಡಿದರೆ ಬುಡವು ಮತ್ತೆ ಚಿಗುರುವುದು; ಬೇರನ್ನೇ ಕಿತ್ತಲ್ಲಿ ಹೊಸ ಸಸಿಯು ಆ ಆಳವನ್ನು ಮುಟ್ಟಲು ತಲೆಮಾರುಗಳೇ ಬೇಕಾಗುವುವು.