ಕುದುರೆಯ ಬೆನ್ನ ಮೇಲಿನ ಎಳೆ

ತನ್ನ ಮೈಯನ್ನೇ ವಾದ್ಯ ಮಾಡಿಕೊಂಡು ನುಡಿಸು ಎಂದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಕೂಡಲಸಂಗಮದ ದೇವನನ್ನು ಬೇಡಿಕೊಂಡರು. ಆ ವಚನದಲ್ಲಿ ದಂಡಿಗೆ ಬಂತು, ಸೋರೆ ಬಂತು, ತಂತಿ ಬಂತು, ಮೀಟುವ ಕಡ್ಡಿಯೂ ಬಂತು. ಹೆಸರಿಲ್ಲದೆ ಉಳಿದದ್ದು ತಂತಿಯನ್ನು ಬೆನ್ನ ಮೇಲೆ ಹೊತ್ತು ನಿಲ್ಲುವ ಪುಟ್ಟ ತುಂಡು. ವೀಣೆಯವರು, ಪಿಟೀಲಿನವರು ಅದನ್ನು ಕುದುರೆ ಎಂದರು. ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಬ್ರಿಡ್ಜ್ ಎಂದರು. ವಾದ್ಯದಲ್ಲಿ ಎಲ್ಲರ ಕಣ್ಣು ಕೊನೆಗೆ ಹೋಗುವುದು ಅದರ ಮೇಲೆ, ಆದರೆ ತಂತಿಯ ನಾದ ಏನಾಗಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿಯೇ.

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಡೇರೆ ಹಾಕಿದವು. ಊರೂರ ಆರ್ಕೆಸ್ಟ್ರಾಗಳಿಗೆ ಹಾರ್ಮೋನಿಯಂ ಜೊತೆ ಕೀಬೋರ್ಡು, ಗಿಟಾರು ಬಂದವು. ಗಿಟಾರಿನೊಂದಿಗೆ ಒಂದು ಪ್ರಶ್ನೆಯೂ ಬಂತು. ಮೇಲಿನ ಮನೆಗಳಲ್ಲಿ ಸ್ವರ ಕೂಡುತ್ತಿಲ್ಲ, ತಂತಿ ಗರ್ರ್ ಅನ್ನುತ್ತದೆ. ಬ್ರಿಡ್ಜ್ ಬದಲಿಸಿದರ ಚೊಲೊ ಆಗ್ತದೇನು? ಹೊಸ ಬ್ರಿಡ್ಜಿಗೆ ಸುರಿಯುವ ದುಡ್ಡು ಸಣ್ಣದಾಗಿರಲಿಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ಎರಡು ದೂರದ ಊರುಗಳಲ್ಲಿ, ಮೂವತ್ತು ವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಕಾಣದ ಇಬ್ಬರ ಕೈಯಲ್ಲಿ.

ಅವರಿಬ್ಬರಿಗಿಂತ ಮೊದಲು ಹೆಸರು ಬರೆದಿಡದ ಯಾರೋ ಒಬ್ಬರು ತಂತಿಗೂ ಕುದುರೆಗೂ ನಡುವೆ ಏನನ್ನೋ ತೂರಿಸಿ ನೋಡಿದ್ದರು. ಹದಿಮೂರನೆಯ ಶತಮಾನದಲ್ಲಿ, ಬಾಗಲಕೋಟೆಯ ಈ ಸೀಮೆ ದೇವಗಿರಿಯ ಸೇವುಣರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, ಅದೇ ಆಸ್ಥಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ ಬರೆದ. ಏಕತಂತ್ರಿ ವೀಣೆಯ ತಂತಿಯ ಕೆಳಗೆ ಇಡುವ ಬಿದಿರಿನ ಸೀಳನ್ನು ಆತ ‘ಜೀವಾ’ ಎಂದು ಕರೆದ. ಮುಂದೆ ತಂಬೂರಿಯಲ್ಲಿ ಆ ಜಾಗಕ್ಕೆ ನೂಲಿನದೋ ರೇಷ್ಮೆಯದೋ ಒಂದು ಎಳೆ ಬಂತು, ಅದರಿಂದ ಹೊಮ್ಮುವ ಝೇಂಕಾರಕ್ಕೆ ಜವಾರಿ ಎಂಬ ಹೆಸರು ಬಂತು. ಜವಾರಿ ಎಂದರೆ ಬಾಗಲಕೋಟೆ ಕಡೆಯವರಿಗೆ ನೆಲದ ತಳಿ, ಅಪ್ಪಟ ನಾಡ ಸರಕು. ಜವಾರಿ ಜೋಳ, ಜವಾರಿ ಕೋಳಿ, ಜವಾರಿ ಮಾತು. ತಂಬೂರಿಯ ಜವಾರಿಗೂ ಆ ಮಾತು ಚೆನ್ನಾಗಿಯೇ ಒಪ್ಪಿತು. ಆದರೆ ಒಂದು ಎಳೆ ದಾರ ಇಷ್ಟು ದೊಡ್ಡ ನಾದವನ್ನು ಎಲ್ಲಿಂದ ಎಬ್ಬಿಸುತ್ತದೆ ಎಂದು ಏಳುನೂರು ವರ್ಷ ಯಾರೂ ಬಿಡಿಸಿ ಹೇಳಲಿಲ್ಲ.

1907ರಲ್ಲಿ ಹದಿನೆಂಟರ ಚಂದ್ರಶೇಖರ ವೆಂಕಟರಾಮನ್ ಹಣಕಾಸು ಇಲಾಖೆಯ ನೌಕರಿ ಹಿಡಿದು ಕಲ್ಕತ್ತೆಗೆ ಬಂದಿಳಿದರು. ಅವರ ತಂದೆ ಪಿಟೀಲು ನುಡಿಸುತ್ತಿದ್ದರು, ಮದುವೆಯಾಗಿ ಬಂದ ಲೋಕಸುಂದರಿಗೆ ವೀಣೆ ಬರುತ್ತಿತ್ತು. ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಘವೊಂದರ ಹಲಗೆ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಆಸೆಯಿಂದ ಕಟ್ಟಿದ್ದ ಸಂಸ್ಥೆ. ಒಳಗೆ ಉಪಕರಣಗಳಿದ್ದವು, ಅವುಗಳನ್ನು ಮುಟ್ಟುವ ಕೈಗಳಿರಲಿಲ್ಲ. ಅಂದಿನಿಂದ ರಾಮನ್ನರ ದಿನ ಮೂರು ಪಾಳಿಯಾಯಿತು. ನಸುಕಿನಲ್ಲಿ ಪ್ರಯೋಗಶಾಲೆ, ಹಗಲಿಗೆ ಸರ್ಕಾರದ ಲೆಕ್ಕ, ಸಂಜೆ ಮತ್ತೆ ಪ್ರಯೋಗಶಾಲೆ. ಅಲ್ಲಿ ಅವರು ಎತ್ತಿಕೊಂಡದ್ದು ಹಾಡುವವರ ಹೆಗಲ ಮೇಲಿನ ಏಕತಾರಿಯನ್ನು. ಅದರ ಬಗ್ಗೆ 1909ರಲ್ಲೇ ಒಂದು ಲೇಖನ ಬರೆದರು. ಹುನಗುಂದ, ಇಳಕಲ್ಲಿನ ಭಜನೆಯ ಕಟ್ಟೆಗಳಲ್ಲಿ ರಾತ್ರಿಯಿಡೀ ಮೀಟುವ ಅಂಥದೇ ಒಂಟಿ ತಂತಿ ಹೀಗೆ ಭೌತವಿಜ್ಞಾನದ ಮೇಜಿಗೇರಿತು.

1917ರಲ್ಲಿ ಕೈತುಂಬ ಸಂಬಳದ ಸರ್ಕಾರಿ ಕೆಲಸ ಬಿಟ್ಟು ಅವರು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಪಿಟೀಲಿನ ಕಮಾನು, ತಬಲದ ಕರಣೆ ಒಂದೊಂದೇ ಪರೀಕ್ಷೆಗೆ ಬಂದವು. ಕೊನೆಗೆ ತಂಬೂರಿ, ವೀಣೆಗಳ ಸರದಿ ಬಂದಾಗ ಒಂದು ಹಳೆಯ ನಿಯಮ ಅಡ್ಡ ನಿಂತಿತು. ತಂತಿಯನ್ನು ಎಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟುವುದೇ ಇಲ್ಲ ಎಂದು ಇಂಗ್ಲೆಂಡಿನ ಥಾಮಸ್ ಯಂಗ್ ಹೇಳಿದ್ದ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ಗಟ್ಟಿ ಮಾಡಿದ್ದ. ಹೆಲ್ಮ್‌ಹೋಲ್ಟ್ಸನ ಗ್ರಂಥ ಓದಿ ಬೆಳೆದ ರಾಮನ್ನರಿಗೆ ಆ ನಿಯಮ ಬಾಯಿಪಾಠವಾಗಿತ್ತು.

ಅದನ್ನು ಪರೀಕ್ಷಿಸಲು ಯಂತ್ರ ಬೇಕಿರಲಿಲ್ಲ, ಬೆರಳು ಮತ್ತು ಕಿವಿ ಸಾಕಿತ್ತು. ತಂತಿಯನ್ನು ಸರಿಯಾಗಿ ನಟ್ಟನಡುವೆ ಮೀಟಬೇಕು, ಮರುಕ್ಷಣ ಅದೇ ಜಾಗವನ್ನು ಬೆರಳ ತುದಿಯಿಂದ ಹಗುರವಾಗಿ ಮುಟ್ಟಬೇಕು. ಮೂಲಸ್ವರ ಅಲ್ಲೇ ಸಾಯುತ್ತದೆ. ಉಳಿಯಬಹುದಾದದ್ದು ಅದರ ಮೇಲಿನ ಷಡ್ಜ, ಆದರೆ ನಡುವೆ ಮೀಟಿದ್ದರಿಂದ ಅದು ಹುಟ್ಟಿಯೇ ಇರುವುದಿಲ್ಲ. ಸಾಮಾನ್ಯ ತಂತಿ ಮೌನವಾಗುತ್ತದೆ, ನಿಯಮ ಗೆಲ್ಲುತ್ತದೆ.

ತಂಬೂರಿ ಮೌನವಾಗಲಿಲ್ಲ. ಬೆರಳು ತಾಗಿದ ಮೇಲೂ ಮೇಲಿನ ಷಡ್ಜ ಗಟ್ಟಿಯಾಗಿ ಹಾಡಿತು. ಮೀಟುವ ಜಾಗ ಬದಲಾದರೂ ಅದೇ ಕತೆ: ಯಾವ ಉಪಸ್ವರ ಇರಬಾರದಿತ್ತೋ ಅದೇ ಎದ್ದು ಕೂತಿತು. ವೀಣೆಯೂ ಹಾಗೇ ಮಾಡಿತು. ತಂಬೂರಿಯಲ್ಲಿ ದಾರದ ಎಳೆ ಸರಿಯಾದ ಜಾಗ ಬಿಟ್ಟು ಸರಿದರೆ ಆ ವೈಭವ ಇಳಿದುಹೋಗುತ್ತಿತ್ತು. ಹಾಗಾದರೆ ತಪ್ಪಿದ್ದು ತಂತಿಯದಲ್ಲ, ಮೀಟಿದ ಬೆರಳಿನದಲ್ಲ. ನಿಯಮ ಮುರಿಯುತ್ತಿದ್ದದ್ದು ತಂತಿಯ ತುದಿಯಲ್ಲಿ, ಕುದುರೆಯ ಬೆನ್ನ ಮೇಲೆ. 1921ರಲ್ಲಿ ರಾಮನ್ ಇದನ್ನು ಕೆಲವೇ ಪುಟಗಳಲ್ಲಿ ಬರೆದು ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಹಡಗಿನಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಅವರ ಮನಸ್ಸನ್ನು ಬೆಳಕಿನ ಕಡೆಗೆ ಎಳೆಯಿತು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಅವರು ಮೃದಂಗವನ್ನು ಬಿಡಲಿಲ್ಲ. ನೊಬೆಲ್ ಪ್ರಶಸ್ತಿಯ ಬೆಳಕಿನಲ್ಲಿ 1921ರ ಆ ಪುಟ್ಟ ಲೇಖನ ಮರೆಯಾದದ್ದು ಕನ್ನಡಿಗರ ಮಟ್ಟಿಗಂತೂ ದೊಡ್ಡ ನಷ್ಟ.

ಎರಡನೆಯ ಕತೆ ಸೋಲಿನಿಂದ ಶುರುವಾಯಿತು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೂ ಆತ ಮಾಡಿದ ಗಿಟಾರುಗಳು ಹೋಟೆಲು, ಕುಣಿತದ ಹಾಲುಗಳಲ್ಲೆಲ್ಲ ಮೊಳಗುತ್ತಿದ್ದವು. ನುಡಿಸುವವರು ಬಂದು ದೂರು ಹೇಳುತ್ತಿದ್ದರು, ಆತ ಕೇಳಿಸಿಕೊಳ್ಳುತ್ತಿದ್ದ. ಆತನ ಟೆಲಿಕಾಸ್ಟರ್ ಗಿಟಾರಿನ ಬ್ರಿಡ್ಜಿನಲ್ಲಿ ಆರು ತಂತಿಗೆ ಮೂರೇ ಆಸರೆಗಳು. ಒಂದು ತಂತಿಯ ಶ್ರುತಿಗೆಂದು ಆಸರೆ ಸರಿಸಿದರೆ ಅದೇ ಆಸರೆಯ ಮೇಲಿನ ಜೊತೆ ತಂತಿ ಕೆಡುತ್ತಿತ್ತು. ಜೊತೆಗೆ, ಬ್ರಿಡ್ಜನ್ನೇ ಕೈಯಿಂದ ಅಲುಗಿಸಿ ಸ್ವರವನ್ನು ತೂಗಿಸುವ ಏರ್ಪಾಡೂ ಬೇಕೆಂದು ವಾದಕರು ಕೇಳಿದರು.

1953ರಲ್ಲಿ ಲಿಯೋ ಒಂದು ಜಾಣ ಉಪಾಯ ಮಾಡಿದ. ತಂತಿಗಳು ಉರುಳುಗಾಲಿಗಳ ಮೇಲೆ ಹಾದುಹೋಗುವ ಹೊಸ ಬ್ರಿಡ್ಜ್. ಕಾಗದದ ಮೇಲೆ ಅದಕ್ಕೆ ಕುಂದಿರಲಿಲ್ಲ. ಅಚ್ಚುಗಳಿಗೆ, ಸಲಕರಣೆಗೆ ಸಾವಿರಾರು ಡಾಲರ್ ಸುರಿದಾಯಿತು, ತಯಾರಿಕೆ ಶುರುವಾಗುವುದೊಂದೇ ಬಾಕಿ. ಆಗ ಗಿಟಾರು ವಾದಕರ ಕೈಗೆ ಹೋಯಿತು. ನಾದ ತೆಳ್ಳಗೆ, ತಗಡಿನಂತೆ ಕೇಳಿತು. ಮೀಟಿದ ಸ್ವರ ನಿಲ್ಲಲೇ ಇಲ್ಲ. ತಂತಿ, ಮರ, ವಿದ್ಯುತ್ತಿನ ಪಿಕಪ್ಪು ಎಲ್ಲ ಸರಿಯಿದ್ದೂ ಅಲುಗುವ ಹಗುರ ಬ್ರಿಡ್ಜೊಂದು ಇಡೀ ಗಿಟಾರಿನ ಉಸಿರು ಹೀರಿತ್ತು.

ಇನ್ನೊಬ್ಬರಾಗಿದ್ದರೆ ಖರ್ಚಾದ ದುಡ್ಡಿಗೆ ಹೆದರಿ ಹಾಗೇ ಮಾರುಕಟ್ಟೆಗೆ ಬಿಡುತ್ತಿದ್ದರೇನೋ. ಲಿಯೋ ಅದನ್ನೆಲ್ಲ ಗುಜರಿಗೆ ಹಾಕಿಸಿದ. ಸಹಾಯಕ ಫ್ರೆಡ್ಡಿ ತವಾರೆಸ್ ಜೊತೆ ಕೂತು ಮೊದಲಿನಿಂದ ಶುರು ಮಾಡಿದ. ಸೋತ ಬ್ರಿಡ್ಜ್ ಕಲಿಸಿದ್ದು ಒಂದೇ ಪಾಠ: ತಂತಿಯ ತುದಿಗೆ ತೂಕ ಬೇಕು. ಹೊಸ ವಿನ್ಯಾಸದಲ್ಲಿ ಬ್ರಿಡ್ಜಿನ ಕೆಳಗೆ ಉಕ್ಕಿನ ದಪ್ಪ ಗಟ್ಟಿಯೊಂದು ಬಂತು, ಗಿಟಾರಿನ ಬೆನ್ನಿನೊಳಗೆ ಸ್ಪ್ರಿಂಗುಗಳು ಬಂದವು. ಸಂತೆಯ ತಕ್ಕಡಿಯ ದಂಡ ಚೂಪು ಅಂಚಿನ ಮೇಲೆ ತೂಗುವ ಹಾಗೆ ಇಡೀ ಬ್ರಿಡ್ಜು ಆರು ಸ್ಕ್ರೂಗಳ ಮೇಲೆ ತೂಗಿತು. ಆರು ತಂತಿಗೆ ಆರು ಆಸರೆಗಳು, ಒಂದೊಂದನ್ನೂ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದಿತ್ತು. 1954ರಲ್ಲಿ ಈ ಬ್ರಿಡ್ಜ್ ಹೊತ್ತ ಸ್ಟ್ರಾಟೋಕಾಸ್ಟರ್ ಗಿಟಾರು ಅಂಗಡಿಗೆ ಬಂತು. ಬ್ರಿಡ್ಜಿಗೆ ಪೇಟೆಂಟ್ ಸಿಕ್ಕಿದ್ದು 1956ರ ಏಪ್ರಿಲ್‌ನಲ್ಲಿ. ಎದುರಾಳಿ ಗಿಬ್ಸನ್ ಕಂಪನಿಯ ಟೆಡ್ ಮೆಕಾರ್ಟಿಯೂ ಅದೇ ಹೊತ್ತಿಗೆ ಆರೂ ತಂತಿಯನ್ನು ಬೇರೆಬೇರೆ ಹೊಂದಿಸುವ ಬ್ರಿಡ್ಜ್ ತಂದಿದ್ದ.

ಎರಡೂ ಕತೆಗಳು 1967ರಲ್ಲಿ ಕೂಡಿದವು. ಸಿತಾರಿನ ಹುಚ್ಚು ಅಮೆರಿಕವನ್ನು ಹಿಡಿದಿದ್ದ ಕಾಲ. ನ್ಯೂಯಾರ್ಕಿನ ವಾದಕ ವಿನ್ನಿ ಬೆಲ್ ಗಿಟಾರಿನಲ್ಲೇ ಸಿತಾರಿನ ನಾದ ತರಬೇಕೆಂದು ಹಟ ಹಿಡಿದು ‘ಕೋರಲ್’ ಎಲೆಕ್ಟ್ರಿಕ್ ಸಿತಾರ್ ರೂಪಿಸಿದ. ಕುತ್ತಿಗೆ ಗಿಟಾರಿನದು, ಮೆಟ್ಟಿಲು ಗಿಟಾರಿನದು. ಆತ ಮುಖ್ಯವಾಗಿ ಬದಲಿಸಿದ್ದು ಬ್ರಿಡ್ಜನ್ನು: ಚೂಪು ಅಂಚಿನ ಜಾಗದಲ್ಲಿ ತಂತಿ ಸವರಿಕೊಂಡು ಹೋಗುವ ಅಗಲ ಮೈ. ಅಷ್ಟಕ್ಕೇ ಗಿಟಾರು ಝೇಂಕರಿಸಿತು.

ಗುಟ್ಟು ಇಷ್ಟೇ ಆಗಿತ್ತು. ಗಿಟಾರಿನ ತಂತಿ ಚೂಪಾದ ಒಂದೇ ಬಿಂದುವಿನಲ್ಲಿ ಕೊನೆಗೊಳ್ಳುತ್ತದೆ. ಆ ಬಿಂದು ಭಾರವಾಗಿ ಗಟ್ಟಿಯಾಗಿದ್ದರೆ ಕಂಪನ ತಂತಿಗೇ ಮರಳುತ್ತದೆ, ಸ್ವರ ನಿಲ್ಲುತ್ತದೆ, ಸಡಿಲವಿದ್ದರೆ ಸೋರಿಹೋಗುತ್ತದೆ. ತಂಬೂರಿಯ ಕುದುರೆ ಮಾತ್ರ ಮೆಲ್ಲಗೆ ಬಾಗಿದ ಬಯಲು. ಪ್ರತಿ ತೂಗಾಟಕ್ಕೂ ತಂತಿ ಆ ಬೆನ್ನಿಗೆ ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಆ ಪುಟ್ಟ ಪುಟ್ಟ ಪೆಟ್ಟುಗಳೇ ಇಲ್ಲದ ಉಪಸ್ವರಗಳಿಗೆ ಜೀವ ಕೊಡುತ್ತವೆ. ತಂತಿ ಎಲ್ಲಿ ತಾಗಬೇಕೆಂದು ಎಳೆ ಗೊತ್ತು ಮಾಡುತ್ತದೆ. ಮೇಲಿನ ಮನೆಗಳಲ್ಲಿ ಸ್ವರ ಕೂಡದ ದೂರಿಗೆ ಕಾರಣ ಬೇರೆ. ಬೆರಳು ಒತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುತ್ತದೆ, ಆ ಏರಿಕೆ ಒಂದೊಂದು ತಂತಿಗೆ ಒಂದೊಂದು ಅಳತೆ. ಹನ್ನೆರಡನೆಯ ಮನೆಯಲ್ಲಿ ಒತ್ತಿದ ಸ್ವರವೂ ಅಲ್ಲೇ ಹಗುರವಾಗಿ ಮುಟ್ಟಿ ಎಬ್ಬಿಸಿದ ಸ್ವರವೂ ಒಂದಾಗುವವರೆಗೆ ಆಸರೆಯನ್ನು ಸರಿಸಬೇಕು. ಆಸರೆ ಸರಿಯದಂತೆ ತುಕ್ಕು ಹಿಡಿದಿದ್ದರೆ, ತಂತಿಗೊಂದು ಆಸರೆ ಇಲ್ಲದಿದ್ದರೆ, ಅಲುಗಿಸಿದ ಬ್ರಿಡ್ಜು ತನ್ನ ಜಾಗಕ್ಕೆ ಮರಳದಿದ್ದರೆ ಹೊಸದಕ್ಕೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಬರೀ ಗರ್ರ್ ಎಂಬ ಸದ್ದಿಗಾದರೆ ಮೊದಲು ತಂತಿ ಕೂರುವ ಗೀರನ್ನು ನೋಡಬೇಕು. ಅದು ಸವೆದು ಅಗಲವಾಗಿದ್ದರೆ ಅಲ್ಲಿ ಹುಟ್ಟುವುದು ಬೇಡದ ಜಾಗದ ಜವಾರಿ, ಸಣ್ಣ ಅರದ ನಾಲ್ಕು ಎಳೆತಕ್ಕೆ ಅದು ಹೋಗುತ್ತದೆ.

ಕೋರಲ್ ಸಿತಾರ್ ಬಂದ ಹೊತ್ತಿಗೂ ಮಿರಜಿನಲ್ಲಿ ತಂಬೂರಿ ಮಾಡುವವರು ಇದೇ ಕೆಲಸವನ್ನು ತಿರುವುಮುರುವಾಗಿ ಮಾಡುತ್ತಿದ್ದರು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನಗಳು ಹತ್ತೊಂಬತ್ತನೆಯ ಶತಮಾನದಿಂದ ಮಾಡುತ್ತ ಬಂದದ್ದು ಅದು. ಅರದಿಂದ ಕುದುರೆಯ ಅಂಚನ್ನು ಚೂಪು ಮಾಡದೆ ಬಾಗಿಸಿದರು, ಇಳಕಲ್ಲಿನ ಮಗ್ಗದ ಕೆಳಗೆ ಉದುರಿ ಬಿದ್ದಂಥ ಒಂದು ಎಳೆಯನ್ನು ತಂತಿಯ ಕೆಳಗೆ ತೂರಿಸಿದರು, ಮೀಟಿದರು, ಕಿವಿಗೊಟ್ಟರು, ಕೂದಲಿನಷ್ಟು ಹಿಂದಕ್ಕೆ ಸರಿಸಿ ಮತ್ತೆ ಮೀಟಿದರು.