ವಳಿ: ಒಂದು ಪದ, ಒಂದು ಸಂಕೋಚ

ತ್ರಿವಳಿ ಎಂದೊಡನೆ ಇಂದಿನ ವಾಚಕನಿಗೆ ಒಂದೇ ಹೆರಿಗೆಯಲ್ಲಿ ಜನಿಸಿದ ಮೂರು ಶಿಶುಗಳ ನೆನಪಾಗುವುದು. ಆದರೆ ಈ ಪದವು ಮೂಲತಃ ಅಂಗರಚನೆಗೆ ಸೇರಿದ್ದು. ಸಂಸ್ಕೃತದ ‘ವಲಿ’ ಎಂದರೆ ಚರ್ಮದ ಮಡಿಕೆ, ಸುಕ್ಕು. ಅದೇ ಕನ್ನಡದಲ್ಲಿ ‘ವಳಿ’ಯಾಯಿತು. ಹೊಟ್ಟೆಯ ಮೇಲಣ ಮೂರು ಮಡಿಕೆಗಳೇ ತ್ರಿವಳಿ. ನಾಯಿಕೆಯ ರೂಪವನ್ನು ಬಣ್ಣಿಸುವಾಗ ಪ್ರಾಚೀನ ಕವಿಗಳು ಇದನ್ನು ಮರೆತವರಲ್ಲ.

ಕವಿಗಳು ಹೊರಗೆ ಕಂಡ ವಳಿಯನ್ನು ವೈದ್ಯರು ದೇಹದೊಳಗೂ ಕಂಡರು. ಸುಶ್ರುತ ಸಂಹಿತೆಯ ನಿದಾನಸ್ಥಾನವು ಅರ್ಶಸ್ಸನ್ನು, ಅಂದರೆ ಮೂಲವ್ಯಾಧಿಯನ್ನು ವಿವರಿಸುವಲ್ಲಿ ಗುದದೊಳಗಣ ಮೂರು ವಳಿಗಳನ್ನು ಹೆಸರಿಸುತ್ತದೆ: ಪ್ರವಾಹಣೀ, ವಿಸರ್ಜನೀ, ಸಂವರಣೀ. ಒಂದು ಕೆಳಕ್ಕೆ ನೂಕುವುದು, ಒಂದು ಹೊರಹಾಕುವುದು, ಒಂದು ಮುಚ್ಚುವುದು. ಹೆಸರಿನಲ್ಲಿಯೇ ಕಾರ್ಯ ಅಡಗಿದೆ. 1830ರಲ್ಲಿ ಡಬ್ಲಿನ್ನಿನ ವೈದ್ಯ ಜಾನ್ ಹೂಸ್ಟನ್ ಗುದನಾಳದ ಅಡ್ಡ ಮಡಿಕೆಗಳನ್ನು ವರ್ಣಿಸಿದನು. ಪಾಶ್ಚಾತ್ಯ ಶಾಸ್ತ್ರದಲ್ಲಿ ಮಡಿಕೆಗೆ ‘ಪ್ಲಿಕಾ’ ಎಂದು ಹೆಸರು. ಮಡಿಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಇವೂ ಸಾಮಾನ್ಯವಾಗಿ ಮೂರು. ಆದರೆ ಇವು ಗುದನಾಳದಲ್ಲಿ ಮೇಲ್ಭಾಗಕ್ಕೆ ಇರತಕ್ಕವು. ಸಂಖ್ಯೆ ಒಂದೇ ಎಂಬ ಮಾತ್ರಕ್ಕೆ ಸುಶ್ರುತನ ವಳಿಗಳೇ ಇವು ಎನ್ನಲಾಗದು.

ಖರಾಡಿಯ ಹೋಟೆಲಿನ ಅಡಿಗೆಮನೆಗೂ ಕಚೇರಿಯ ಮೇಜಿಗೂ ಈ ಪದವಿಚಾರವೇಕೆ? ಇಲ್ಲಿಂದ ಬಹುದೂರವಲ್ಲದ ಯೆರವಡೆಯ ಡೆಕ್ಕನ್ ಕಾಲೇಜಿನಲ್ಲಿ 1948ರಿಂದ ಸಂಸ್ಕೃತದ ಬೃಹತ್ಕೋಶವೊಂದರ ಕಾರ್ಯ ನಡೆದುಬಂದಿದೆ. ಪಂಡಿತರು ಯಾವ ಅಂಗದ ಹೆಸರಿಗೂ ನಾಚರು. ನಾವಾದರೋ ನೋವು ಬಂದರೂ ಆ ಅಂಗದ ಹೆಸರೆತ್ತೆವು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಬಹುಕಾಲ ಕುಳಿತ ನಾವು, ರಕ್ತ ಹೋಗುತ್ತಿದ್ದರೂ ತುಟಿ ಕಚ್ಚಿ ತಟ್ಟೆ ಹೊತ್ತ ಹುಡುಗರನ್ನು ಕಂಡಿದ್ದೇವೆ. ಗಿರಾಕಿಗಳ ನೂಕುನುಗ್ಗಲಿನಲ್ಲಿ ನೀರು ಕುಡಿಯುವುದಿಲ್ಲ, ಮಲಬಾಧೆಯನ್ನು ತಡೆಯುವುದು, ಬಳಿಕ ಮುಕ್ಕುವುದು. ಗುದದ್ವಾರದೊಳಗೆ ಸಹಜವಾಗಿಯೇ ಇರುವ ರಕ್ತನಾಳಗಳ ಮೆತ್ತೆಗಳು ಹೀಗೆ ಊದಿಕೊಳ್ಳುವುದೇ ಮೂಲವ್ಯಾಧಿ.

ಪರಭಾಷೆಯ ಊರಿನಲ್ಲಿ ವೈದ್ಯರಿಗೆ ಹೇಳುವುದು ಹೇಗೆಂಬ ಅಳುಕು ಬೇಡ. ಮರಾಠಿಯಲ್ಲಿಯೂ ಅದು ‘ಮೂಳವ್ಯಾಧ’ವೇ, ಮಡಿಕೆಗೆ ಅವರಲ್ಲಿಯೂ ‘ವಳೀ’ ಎಂದೇ ಹೆಸರು. ನೀರು, ಸೊಪ್ಪು, ಹಣ್ಣು, ಕರೆ ಬಂದಾಗ ತಡೆಯದಿರುವುದು, ಇವೇ ಮೊದಲ ಔಷಧ. ರಕ್ತ ಕಂಡರೆ ಮಾತ್ರ ಗೋಡೆಯ ಮೇಲಣ ಜಾಹೀರಾತನ್ನು ನಂಬದೆ ವೈದ್ಯರನ್ನು ಕಾಣತಕ್ಕದ್ದು. ಕರುಳಿನ ಅರ್ಬುದವೂ ಅದೇ ಲಕ್ಷಣದಿಂದ ತೋರಿಕೊಳ್ಳುವುದುಂಟು. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಸಂಕೋಚವಿಲ್ಲದೆ ಹೆಸರಿಟ್ಟವರ ನಾಡಿನವರು ನಾವು. ವೈದ್ಯನ ಮುಂದೆ ಆ ಹೆಸರನ್ನು ಉಚ್ಚರಿಸಲು ಅಂಜಬೇಕಾಗಿಲ್ಲ.