ಹಳೆಯ ಎಚ್‌ಎಂಟಿ ಕೊಳ್ಳುವ ಮುನ್ನ

ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲಿ ಅಜ್ಜನ ಕಾಲದ ಕೈಗಡಿಯಾರವೊಂದು ನಿಂತುಹೋಗಿ ಬಿದ್ದಿದೆಯೇ? ಗುಜರಿಗೆ ಹಾಕುವ ಮೊದಲು ಒಮ್ಮೆ ಒರೆಸಿ ನೋಡಿ. ಅದು ಎಚ್‌ಎಂಟಿ ಆಗಿದ್ದರೆ ಇಂದು ಅದನ್ನು ಹುಡುಕಿಕೊಂಡು ಬರುವವರಿದ್ದಾರೆ.

ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಎಚ್‌ಎಂಟಿಯ ವಾಚ್ ಕಾರ್ಖಾನೆ. ಮುಂದೆ ತುಮಕೂರಿನಲ್ಲೂ ತಯಾರಿಕೆ ನಡೆಯಿತು. ಅಳಿಯನಿಗೆ ಸೈಕಲ್, ರೇಡಿಯೋ ಜೊತೆಗೆ ಎಚ್‌ಎಂಟಿ ವಾಚನ್ನೂ ಕೊಡಲೇಬೇಕು ಎಂದು ಹೆಣ್ಣು ಹೆತ್ತವರನ್ನು ಹಿಂಡಿದ ಕಾಲವೂ ಇತ್ತು. ಗಡಿಯಾರದ ತಪ್ಪೇನೂ ಇಲ್ಲ ಬಿಡಿ. ಬ್ಯಾಟರಿ ವಾಚುಗಳ ಪೈಪೋಟಿಯಲ್ಲಿ ಸೋತ ಕಂಪೆನಿಯ ವಾಚ್ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿಗೆ ನೀಡಿತು. ಆ ನಂತರ ಹಳೆಯ ವಾಚುಗಳಿಗೆ ಬೇಡಿಕೆ ಹೆಚ್ಚಿತು.

ದಿನನಿತ್ಯದ ಬಳಕೆಗೆ ನಾನು ಮೆಚ್ಚುವುದು 'ಪೈಲಟ್'. ಕಪ್ಪು ಡಯಲ್, ಬಿಳಿಯ ಅಂಕಿಗಳು, ಸುಮಾರು 35 ಮಿ.ಮೀ. ಅಗಲ. ಈಗಿನ ತಟ್ಟೆಯಂತಹ ವಾಚುಗಳ ಎದುರು ಇದು ಚಿಕ್ಕದು. ಕಾಲೇಜಿಗೆ ಹೋಗುವ ಮಗಳ ಕೈಗೂ ಒಪ್ಪುತ್ತದೆ. ಬ್ಯಾಟರಿಯ ಗೊಡವೆಯಿಲ್ಲ, ಬೆಳಿಗ್ಗೆ ಒಮ್ಮೆ ಕೀ ಕೊಟ್ಟರೆ ಸಾಕು. ಡಯಲ್ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುತ್ತದೆ. ಒಳಗೆ ಒಡವೆಯಿದೆ ಎಂದು ತಿಳಿಯಬೇಡಿ. ಚಕ್ರಗಳು ಸವೆಯದಿರಲೆಂದು ಕೂರಿಸಿದ ಕೃತಕ ಕೆಂಪುಕಲ್ಲುಗಳವು. ಅದರ ಹೆಸರಿನಲ್ಲಿ ಯಾರಾದರೂ ಹೆಚ್ಚು ಬೆಲೆ ಹೇಳಿದರೆ ನಕ್ಕು ಮುಂದೆ ಹೋಗಿ.

ಮೋಸ ನಡೆಯುವುದು ಡಯಲ್‌ನಲ್ಲಿ. ಮಾಸಿದ ಡಯಲ್‌ಗೆ ಹೊಸ ಬಣ್ಣ ಬಳಿದು, ಹೆಸರು ಅಚ್ಚು ಹಾಕಿ, ಮೂರು ವಾಚುಗಳ ಬಿಡಿಭಾಗ ಸೇರಿಸಿ ಒಂದು ಮಾಡಿ 'ಅಸಲಿ' ಎಂದು ಮಾರುವವರು ಬಹಳ. ನಲವತ್ತು ವರ್ಷದ ವಾಚು ನಿನ್ನೆ ಅಂಗಡಿಯಿಂದ ಬಂದಂತೆ ಥಳಥಳಿಸುತ್ತಿದ್ದರೆ, ಕಣ್ಣು ಕುಕ್ಕುವ ಗಿಳಿಹಸಿರು, ಕಿತ್ತಳೆ ಬಣ್ಣದಲ್ಲಿದ್ದರೆ, ಅಕ್ಷರಗಳು ದಪ್ಪವಾಗಿ ಹರಡಿದ್ದರೆ ಅನುಮಾನಪಡಿ. ಬಣ್ಣ ಬಳಿದ ವಾಚು ಓಡುವುದಿಲ್ಲವೆಂದಲ್ಲ. ಬಳಿದಿದ್ದೇನೆ ಎಂದು ಹೇಳಿ ಕಡಿಮೆ ಬೆಲೆಗೆ ಕೊಟ್ಟರೆ ಅದು ವ್ಯಾಪಾರ. ಐಬು ಮುಚ್ಚಿಟ್ಟರೆ ಆ ಗಳಿಕೆ ಹಲಾಲ್ ಹೇಗಾದೀತು? ಗಾಜಿನ ಗೀರುಗಳಿಗೆ ಮಾತ್ರ ಹೆದರಬೇಡಿ. ಅದು ಪ್ಲಾಸ್ಟಿಕ್ಕಿನದು, ಉಜ್ಜಿದರೆ ತಿಳಿಯಾಗುತ್ತದೆ, ಬದಲಿಸುವುದೂ ಸುಲಭ.

ಕುಂಸಿಯಂತಹ ಊರಿನಲ್ಲಿ ಕುಳಿತವರಿಗೆ ಮೊಬೈಲ್‌ನಲ್ಲಿ ಚಿತ್ರ ನೋಡಿ ತರಿಸುವುದು ಸುಲಭವೆನಿಸುತ್ತದೆ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡನ್ನು ಹಾಗೆ ಕಳುಹಿಸುವ ಮೊದಲು ಹಿಂಬದಿಯ ಮುಚ್ಚಳ ತೆಗೆದ ಚಿತ್ರವನ್ನೂ, ಓಡುತ್ತಿರುವ ವೀಡಿಯೋವನ್ನೂ ಕೇಳಿ. ಕೊಡದವರಿಂದ ಕೊಳ್ಳಬೇಡಿ. ಅದಕ್ಕಿಂತ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಹಳೆಯ ವಾಚ್ ರಿಪೇರಿಯವರ ಮುಂದೆ ಕುಳಿತು ವಿಚಾರಿಸುವುದೇ ಲೇಸು. ಭದ್ರಾವತಿಯಲ್ಲೂ ಕೇಳಿ ನೋಡಿ. ಕಾರ್ಖಾನೆಯ ಪಾಳಿಗೆ ಹೋಗಿ ಬಂದ ಎಷ್ಟೋ ಮನೆಗಳಿರುವ ಊರದು. ಮುಚ್ಚಳ ತೆಗೆಸಿ ತುಕ್ಕು ಇದೆಯೇ ನೋಡಿ. ಕೀ ಕೊಡುವಾಗ ಎಲ್ಲೂ ಜಾರಬಾರದು.

ಮನೆಯವರೇ ಮಾರುತ್ತಿದ್ದರೆ, ಅದು ಯಾರದಾಗಿತ್ತು ಎಂದು ಕೇಳಿ. ತೀರಿಕೊಂಡ ತಂದೆಯ ವಾಚು ಗಂಡುಮಗನದು ಮಾತ್ರವಲ್ಲ, ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿದೆ. ಎಲ್ಲರ ಒಪ್ಪಿಗೆ ಇದ್ದರೆ ಕೊಳ್ಳಿ.

ತಂದ ಮೇಲೆ ಮೊಬೈಲ್ ಸಮಯಕ್ಕೆ ಹೊಂದಿಸಿ ಒಂದು ದಿನ ಇಟ್ಟು ನೋಡಿ. ಒಂದೆರಡು ನಿಮಿಷದ ವ್ಯತ್ಯಾಸ ರಿಪೇರಿಯವರು ಸರಿಪಡಿಸುತ್ತಾರೆ. ಅರ್ಧ ಗಂಟೆ ಹಿಂದುಳಿದರೆ ಹಿಂದಿರುಗಿಸಿ. ವುಝೂ ಮಾಡುವಾಗ, ಪಾತ್ರೆ ತೊಳೆಯುವಾಗ ತಪ್ಪದೆ ಬಿಚ್ಚಿಡಿ. ಹಳೆಯ ವಾಚು ನೀರು ತಡೆಯುವುದಿಲ್ಲ, ಮಲೆನಾಡಿನ ಮಳೆಯನ್ನಂತೂ ಮೊದಲೇ ತಡೆಯುವುದಿಲ್ಲ.